ಬೇಡವಾದದ್ದರ ಬುಟ್ಟಿ

ನನ್ನ ಡಿಮ್ಯಾಟ್ ಖಾತೆಯಲ್ಲಿ ಒಂದು ಸಾಲು ಇದೆ. 1,400 ಷೇರು, ಪಕ್ಕದಲ್ಲಿ ಇವತ್ತಿನ ಬೆಲೆ 0.00. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಬಂದಾಗ ಉಳಿದ ಸಾಲುಗಳು ಒಂದಿಷ್ಟು ಏರಿರುತ್ತವೆ, ಇಲ್ಲವೇ ಇಳಿದಿರುತ್ತವೆ. ಇದೊಂದು ಮಾತ್ರ ಕಲ್ಲಿನ ಹಾಗೆ ಕೂತಿರುತ್ತದೆ. ಮಾರಿ ಕೈತೊಳೆದುಕೊಳ್ಳೋಣ ಎಂದರೆ ಮಾರಲೂ ಬರುವುದಿಲ್ಲ. ಷೇರುಪೇಟೆಯ ಪಟ್ಟಿಯಿಂದ ಆ ಹೆಸರು ತೆಗೆದು ವರ್ಷಗಳಾದವು.

ಕಂಪನಿಯ ಹೆಸರು ಬೇಡ ಬಿಡಿ. ರಸ್ತೆ, ವಿದ್ಯುತ್ ಸ್ಥಾವರ ಅಂತ ಸಾಲದ ಮೇಲೆ ಸಾಲ ಮಾಡಿ ಕಟ್ಟುತ್ತಿದ್ದ ಕಂಪನಿ. ಷೇರು ಬಿದ್ದು ಬಿದ್ದು ಯಾರೂ ಮುಟ್ಟದ ಸ್ಥಿತಿಗೆ ಬಂದಿತ್ತು. ನನಗೆ ಆಗ ಮೂವತ್ತು ದಾಟಿತ್ತು ಅಷ್ಟೆ. ಎಲ್ಲರೂ ಬಿಟ್ಟು ಓಡುವಾಗ ನಾವು ಕೊಳ್ಳಬೇಕು ಅನ್ನುವ ಹುಳ ತಲೆಗೆ ಹೊಕ್ಕಿತ್ತು. 62 ರೂಪಾಯಿಗೆ ಒಂದಷ್ಟು ಕೊಂಡೆ. 40ಕ್ಕೆ ಬಂತು, ಇನ್ನೊಂದಷ್ಟು ಕೊಂಡೆ. 21ಕ್ಕೆ ಬಂದಾಗ ಖುಷಿಯೇ ಆಯಿತು ಅಂದರೆ ನಂಬುತ್ತೀರಾ? ಎವರೇಜ್ ಮಾಡುತ್ತಿದ್ದೇನೆ, ಅಂದರೆ ಕೊಂಡ ಬೆಲೆಯ ಸರಾಸರಿ ಇಳಿಸುತ್ತಿದ್ದೇನೆ ಅನ್ನುವ ಹಮ್ಮು. 9 ರೂಪಾಯಿಗೂ ಕೊಂಡೆ. ಆಮೇಲೆ ಸಾಲ ಕೊಟ್ಟ ಬ್ಯಾಂಕುಗಳು ಕಂಪನಿಯನ್ನು ದಿವಾಳಿ ಕಾಯ್ದೆಯಡಿ ಟ್ರಿಬ್ಯೂನಲ್‌ಗೆ ಎಳೆದವು. 2016ರಲ್ಲಿ ಬಂದ ಕಾಯ್ದೆ ಅದು. ದುಡ್ಡು ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ ಅದರಲ್ಲಿ ಸರದಿ ಇದೆ. ಷೇರು ಇಟ್ಟುಕೊಂಡವನದು ಕಟ್ಟಕಡೆಯ ಜಾಗ. ಮದುವೆ ಮನೆಯ ಕೊನೇ ಪಂಕ್ತಿಯಲ್ಲಿ ಕೂತವನಿಗೆ ಪಾಯಸ ಮುಗಿದಿರುತ್ತಲ್ಲ, ಇಲ್ಲಿ ಅನ್ನವೂ ಮುಗಿದಿತ್ತು.

ಅದೇ ಹುಳ ನನ್ನಿಂದ ಇನ್ನೊಂದು ಕೆಲಸವನ್ನೂ ಮಾಡಿಸಿತು. ಅದು ಹಾಳಾಗಲಿಲ್ಲ. ಯಾಕೆ ಅನ್ನುವುದನ್ನು ನನಗೆ ಮೊದಲು ಹೇಳಿದವರು ಇಟಿಎಫ್ (ಹಲವು ಕಂಪನಿಗಳ ಷೇರು ಒಟ್ಟಿಗೆ ಕಟ್ಟಿದ ಬುಟ್ಟಿ) ಅನ್ನುವ ಪದವನ್ನೇ ಕೇಳಿರದ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಉಡುಪಿಯವರು. ನಮ್ಮ ಕರಾವಳಿಯಲ್ಲಿ ಬ್ಯಾಂಕುಗಳು ಅಣಬೆಯ ಹಾಗೆ ಎದ್ದದ್ದು ಗೊತ್ತಲ್ಲ. ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಅವುಗಳಲ್ಲಿ ಒಂದರಲ್ಲಿ ಚಿಕ್ಕಪ್ಪ ಮೂವತ್ತೈದು ವರ್ಷ ದುಡಿದರು. 2018ರ ಮಾರ್ಚ್‌ನಲ್ಲಿ ನಾನು ಊರಿಗೆ ಹೋದಾಗ ಅವರು ಜಗಲಿಯಲ್ಲಿ ಕೂತು ಪೇಪರನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಿದ್ದರು. ಹಿಂದಿನ ತಿಂಗಳಷ್ಟೇ ಪಂಜಾಬ್ ನ್ಯಾಷನಲ್ ಬ್ಯಾಂಕಿನ ನೀರವ್ ಮೋದಿ ವಂಚನೆ ಹೊರಬಿದ್ದಿತ್ತು. ಮೊದಲ ದಿನ ಹೇಳಿದ ಲೆಕ್ಕವೇ 11,000 ಕೋಟಿ ರೂಪಾಯಿಗೂ ಜಾಸ್ತಿ.

“ಎಲ್ಲಿ ಹೋದರೂ ಅದೇ ಕೇಳುದು ಮಾರಾಯ, ನಿಮ್ಮ ಬ್ಯಾಂಕಲ್ಲೂ ಹೀಗೇ ಉಂಟಾ ಅಂತ. ಮೊನ್ನೆ ಮೀನಿನಂಗಡಿಯವಳೂ ಕೇಳಿದಳು.”

ನಾನು ಬಂದಿದ್ದೇ ಆ ವಿಷಯಕ್ಕೆ. ಸರ್ಕಾರಿ ಬ್ಯಾಂಕಿನ ಷೇರುಗಳನ್ನು ಕೇಳುವವರಿಲ್ಲ, ಯಾವುದು ಒಳ್ಳೆಯದು ನೀವೇ ಹೇಳಿ ಚಿಕ್ಕಪ್ಪ ಅಂದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

“ಒಂದು ಬ್ಯಾಂಕು ಅಂತ ಹೋಗ್ಬೇಡ. ಒಳಗೆ ಎಂತ ಉಂಟು ಅಂತ ಅಲ್ಲೇ ಕೂತ ನಮಗೆ ಗೊತ್ತಿರ್ಲಿಲ್ಲ, ನಿನಗೆ ಬೆಂಗಳೂರಲ್ಲಿ ಕೂತು ಎಂತ ಗೊತ್ತಾಗ್ತದೆ? ತಗೊಳ್ಳುದೇ ಆದ್ರೆ ಎಲ್ಲ ಸೇರಿಸಿ ತಗೊ. ಎಲ್ಲ ಒಟ್ಟಿಗೆ ಮುಳುಗಿದ್ರೆ ಸರಕಾರವೇ ಮುಳುಗಿದ ಹಾಗೆ. ಆಗ ನಿನ್ನ ಎಫ್‌ಡಿಯೂ ಇರುದಿಲ್ಲ.”

ಎಲ್ಲ ಸೇರಿಸಿ ಕೊಳ್ಳಲು ಒಂದು ದಾರಿ 2007ರಿಂದಲೇ ಇತ್ತು. ನಿಫ್ಟಿ ಪಿಎಸ್‌ಯು ಬ್ಯಾಂಕ್ ಅನ್ನುವ, ಸರ್ಕಾರಿ ಬ್ಯಾಂಕುಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಸೂಚ್ಯಂಕವನ್ನು ಹಿಂಬಾಲಿಸುವ ಇಟಿಎಫ್. ಒಂದು ಯೂನಿಟ್ ಕೊಂಡರೆ ಅದರೊಳಗೆ ಎಸ್‌ಬಿಐ, ಬರೋಡಾ, ಕೆನರಾ, ಪಿಎನ್‌ಬಿ ಎಲ್ಲದರ ಚೂರು ಚೂರು. ಷೇರಿನ ಹಾಗೇ ಪೇಟೆಯಲ್ಲಿ ಕೊಂಡು ಮಾರಬಹುದು. ಸೂಚ್ಯಂಕ 3,000ಕ್ಕೆ ಸ್ವಲ್ಪ ಕೆಳಗೆ ಇದ್ದಾಗ ನಾನು ಮೊದಲ ಕಂತು ಹಾಕಿದೆ. ಆ ತಿಂಗಳ ಲೆಕ್ಕದಲ್ಲಿ ಸರ್ಕಾರಿ ಬ್ಯಾಂಕುಗಳು ಕೊಟ್ಟ ಪ್ರತಿ 100 ರೂಪಾಯಿ ಸಾಲದಲ್ಲಿ 14 ರೂಪಾಯಿಗೂ ಜಾಸ್ತಿ ವಸೂಲಾಗದ ಸಾಲ. ಇದಕ್ಕಿಂತ ಕೆಟ್ಟದ್ದು ಇನ್ನೇನು ಆದೀತು ಅಂದುಕೊಂಡೆ.

ಆಯಿತು. ವಸೂಲಾಗದ ಸಾಲ ನಿಧಾನವಾಗಿ ಕಡಿಮೆಯಾಗುತ್ತಾ ಬಂತು, ನಿಜ. ಷೇರುಗಳು ಮಾತ್ರ ಅದನ್ನು ಗಮನಿಸಲೇ ಇಲ್ಲ. ಐಎಲ್‌ಆ್ಯಂಡ್‌ಎಫ್‌ಎಸ್ ಅನ್ನುವ, ರಸ್ತೆ ಸೇತುವೆಗಳಿಗೆ ಸಾಲ ಕೊಡುವ ದೊಡ್ಡ ಕಂಪನಿ ಬಿತ್ತು, ಆಮೇಲೆ ಕೊರೊನಾ ಬಂತು. 2020ರ ಮಾರ್ಚ್ 23ರ ಸೋಮವಾರ ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ ಒಂದೇ ದಿನ ಸುಮಾರು 13 ಪರ್ಸೆಂಟ್ ಕುಸಿಯಿತು. ಎರಡು ದಿನ ಬಿಟ್ಟು ಯುಗಾದಿ, ಅವತ್ತೇ ದೇಶಕ್ಕೆಲ್ಲ ಬೀಗ. ನಮ್ಮ ಬಾಗಿಲಿಗೆ ಮಾವಿನೆಲೆ ಸಿಗಲಿಲ್ಲ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಉಳಿದ ಪೇಟೆಯೆಲ್ಲ ಎದ್ದು ಕೂತರೂ ಸರ್ಕಾರಿ ಬ್ಯಾಂಕ್ ಸೂಚ್ಯಂಕ 1,200ರ ಆಸುಪಾಸಿನಲ್ಲೇ ಬಿದ್ದುಕೊಂಡಿತ್ತು. ಈ ಸೂಚ್ಯಂಕದ ಲೆಕ್ಕ ಶುರುವಾಗುವುದು 2004ರ ಜನವರಿಯಿಂದ, 1,000 ಅಂತ. ಹದಿನಾರು ವರ್ಷ ನಡೆದು ನಡೆದು ಹೊರಟ ಬಾಗಿಲಿಗೇ ವಾಪಸು ಬಂದು ನಿಂತಿತ್ತು.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಖಾಸಗಿ ಬ್ಯಾಂಕು, ಐಟಿ ಅಂತ ನೆಮ್ಮದಿಯಾಗಿದ್ದ. “ನೀನಿನ್ನೂ ಅದನ್ನ ಇಟ್ಕೊಂಡಿದೀಯಾ?” ಅಂತ ಕೇಳುವಾಗ ಅವನ ದನಿಯಲ್ಲಿ ಕುಹಕ ಇರಲಿಲ್ಲ, ಕನಿಕರ ಇತ್ತು. ಕುಹಕ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರವಾಹದ ಎದುರು ಈಜುವುದು ಅಂತ ಬರೆಯುವವರು ಅದನ್ನು ಒಂದು ಸಾಹಸದ ಹಾಗೆ ಬರೆಯುತ್ತಾರೆ. ನನಗೆ ಅನಿಸಿದ್ದು ಬೇರೆ. ಬಸ್‌ಸ್ಟಾಪಿನಲ್ಲಿ ಒಬ್ಬನೇ ನಿಂತು, ಈ ದಾರಿಯಲ್ಲಿ ಬಸ್ಸೇ ಇಲ್ಲವೇನೋ ಅಂತ ಮೂರನೇ ವರ್ಷ ಯೋಚಿಸಿದ ಹಾಗೆ.

ಆದರೂ ಎರಡನೇ ಕಂತು ಹಾಕಿದೆ, ಮೊದಲಿನಷ್ಟೇ ದುಡ್ಡು. ಇದನ್ನು ಆ ರಸ್ತೆ ಕಂಪನಿಯ 9 ರೂಪಾಯಿ ಷೇರಿನ ಪಕ್ಕ ಇಟ್ಟು ನೋಡಿ. ಎರಡೂ ಕಡೆ ನಾನು ಮಾಡಿದ್ದು ಒಂದೇ ಕೆಲಸ, ಬಿದ್ದದ್ದನ್ನು ಮತ್ತೆ ಕೊಂಡದ್ದು. ಅಲ್ಲಿ ಪ್ರತಿ ಸಲ ಕೊಳ್ಳುವಾಗಲೂ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ‘ಈ ಕಂಪನಿ ಉಳಿಯುತ್ತಾ?’ ಅದಕ್ಕೆ ಉತ್ತರ ಇದ್ದದ್ದು ನಾನು ಎಂದೂ ನೋಡಲಾರದ ಸಾಲದ ಪತ್ರಗಳಲ್ಲಿ, ಯಾವುದೋ ಬೋರ್ಡ್‌ರೂಮಿನಲ್ಲಿ. ಇಲ್ಲಿ ಪ್ರಶ್ನೆ ‘ಈ ದೇಶದಲ್ಲಿ ಸರ್ಕಾರಿ ಬ್ಯಾಂಕು ಅನ್ನುವುದು ಉಳಿಯುತ್ತಾ?’ ಇದಕ್ಕೆ ಉತ್ತರ ಹೇಳಲು ಬ್ಯಾಲೆನ್ಸ್ ಶೀಟ್ ಓದಬೇಕಿಲ್ಲ. ಬರಗಾಲಕ್ಕೆ ಊರಿನ ಒಂದು ಮನೆ ಬೀಗ ಹಾಕಿ ಹೋದೀತು, ಊರು ಹೋಗುವುದು ಅಪರೂಪ.

ಮನೆಗಳು ಹೋದವು ಕೂಡ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್, ದೇನಾ ಬ್ಯಾಂಕ್ ಎರಡೂ ಬರೋಡಾದೊಳಗೆ ಸೇರಿದವು. ಮುಂದಿನ ವರ್ಷ ಅದೇ ದಿನ ಹತ್ತು ಬ್ಯಾಂಕು ನಾಲ್ಕಾದವು. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. 1,000 ವಿಜಯಾ ಷೇರಿಗೆ 402 ಬರೋಡಾ ಷೇರು, 1,000 ಸಿಂಡಿಕೇಟ್‌ಗೆ 158 ಕೆನರಾ, 1,000 ಕಾರ್ಪೊರೇಷನ್‌ಗೆ 330 ಯೂನಿಯನ್. ಒಂದೇ ಬ್ಯಾಂಕಿನ ಷೇರು ಇಟ್ಟುಕೊಂಡವರಿಗೆ ಈ ಲೆಕ್ಕದ ಮೇಲೇ ಊಟ ತಿಂಡಿ ಬಿಟ್ಟು ಚರ್ಚೆ. ಬುಟ್ಟಿ ಇಟ್ಟುಕೊಂಡ ನನಗೆ ಅದು ಗೊತ್ತೇ ಆಗಲಿಲ್ಲ. ಬುಟ್ಟಿಯೊಳಗೇ ಒಂದು ಹಣ್ಣು ಇನ್ನೊಂದರ ಜಾಗ ತೆಗೆದುಕೊಂಡಿತು, ಅಷ್ಟೆ.

2022ರ ದೀಪಾವಳಿ ಹೊತ್ತಿಗೆ ಸೂಚ್ಯಂಕ 3,000 ದಾಟಿತು. ನಾಲ್ಕೂವರೆ ವರ್ಷ ಕಾದ ಮೇಲೆ ಮೊದಲ ಕಂತಿಗೂ ಲಾಭ ಅಂತ ಒಂದು ಹಸಿರು ಅಂಕಿ ಕಂಡದ್ದೇ ತಡ, ಪೂರ್ತಿ ಮಾರಿದೆ. ಎರಡೂ ಕಂತು ಸೇರಿ ಹಾಕಿದ ದುಡ್ಡು ಎರಡರಷ್ಟಕ್ಕೆ ಸ್ವಲ್ಪ ಕಡಿಮೆ ಆಗಿತ್ತು. ಮೊದಲ ಕಂತನ್ನು ಮಾತ್ರ ಲೆಕ್ಕ ಹಾಕಿದರೆ ಚಿಕ್ಕಪ್ಪನ ಎಫ್‌ಡಿಯೇ ಜಾಸ್ತಿ ಕೊಟ್ಟಿತ್ತು. ಆಮೇಲೆ ಏನಾಯಿತು ಅನ್ನುವುದು ಪೇಟೆ ನೋಡುವವರಿಗೆಲ್ಲ ಗೊತ್ತು. 2024ರ ಹೊತ್ತಿಗೆ ಅದು 7,000 ದಾಟಿತ್ತು. ಬೇಡವಾದದ್ದನ್ನು ಕೊಳ್ಳುವ ಧೈರ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದೇ ಎಲ್ಲರಿಗೂ ಬೇಕಾದ ಮೇಲೂ ಸುಮ್ನೆ ಕೂರುವ ಧೈರ್ಯ ಇನ್ನೊಂದು ಜಾತಿಯದು. ನನ್ನ ಹತ್ತಿರ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಸಾಮಾನ್ಯವಾಗಿ ಹೂಡಿಕೆ ಸಲಹೆ ಕೊಡುವವರು ಹೇಳುವುದು ಹೀಗೆ: ದೊಡ್ಡ ಗಂಟನ್ನು ನಿಫ್ಟಿ ಇಟಿಎಫ್‌ನಲ್ಲೋ ಇಂಡೆಕ್ಸ್ ಫಂಡಿನಲ್ಲೋ ಇಟ್ಟು ಮರೆತುಬಿಡಿ, ಕೈ ಕಡಿಯುತ್ತಿದ್ದರೆ ಸಣ್ಣ ಮೊತ್ತದಲ್ಲಿ ಬಿಡಿ ಷೇರುಗಳ ಮೇಲೆ ನಿಮ್ಮ ಧೈರ್ಯ ತೋರಿಸಿ. ಅರ್ಧ ಒಪ್ಪುತ್ತೇನೆ. ನಿಫ್ಟಿ ನನ್ನ ಹತ್ತಿರವೂ ಇದೆ, ನಿಮ್ಮ ಹತ್ತಿರವೂ ಇರಬಹುದು, ನಿಮಗೆ ಗೊತ್ತಿಲ್ಲದೆಯೇ. 2015ರ ಆಗಸ್ಟ್‌ನಿಂದ ಪಿಎಫ್ ಸಂಸ್ಥೆ ಹೊಸದಾಗಿ ಬರುವ ದುಡ್ಡಿನ ಒಂದು ಪಾಲನ್ನು ಇಟಿಎಫ್‌ಗಳಲ್ಲಿ ಹಾಕುತ್ತಿದೆ. ಧೈರ್ಯವನ್ನು ಬಿಡಿ ಷೇರಿನ ಮೇಲೆ ತೋರಿಸಿ ಅನ್ನುತ್ತಾರಲ್ಲ, ನನ್ನ ತಕರಾರು ಅದರ ಮೇಲೆ. ಎಲ್ಲರೂ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ ಅನ್ನುವಾಗಲೇ ನನಗೆ ಬುಟ್ಟಿ ಬೇಕು. ಯಾಕೆಂದರೆ ಎಲ್ಲರೂ ಓಡುತ್ತಿರುವುದಕ್ಕೆ ಕಾರಣ ಇರುತ್ತದೆ. ಹತ್ತರಲ್ಲಿ ಎರಡೋ ಮೂರೋ ಕಂಪನಿಯ ಮಟ್ಟಿಗೆ ಆ ಕಾರಣ ನಿಜವೂ ಆಗಿರುತ್ತದೆ. ಯಾವ ಎರಡು ಮೂರು ಅಂತ ಮೊದಲೇ ಗೊತ್ತಾಗುವುದಿಲ್ಲ. ಬಿಡಿ ಷೇರು ಇಟ್ಟುಕೊಂಡರೆ ನಾನು ಹತ್ತಿರದಿಂದ ಬಲ್ಲ, ಜಗಳವಿಲ್ಲದ, ಸಾಲವಿಲ್ಲದ ಕಂಪನಿಗಳದ್ದು. ಊರಿಗೆಲ್ಲ ಗೊತ್ತಿರುವ ಒಳ್ಳೆಯ ಹೋಟೆಲ್ಲಿಗೆ ಹೋಗುವ ಹಾಗೆ, ಅದರಲ್ಲಿ ಸಾಹಸ ಏನೂ ಇಲ್ಲ.

ಎದುರು ಈಜಿದವರಲ್ಲಿ ದೊಡ್ಡ ಹೆಸರು ಜಾನ್ ಟೆಂಪಲ್ಟನ್. 1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಅವನು 10,000 ಡಾಲರ್ ಸಾಲ ಮಾಡಿ ಷೇರು ಕೊಂಡ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೇಗೆ ಕೊಂಡ ಅನ್ನುವುದನ್ನು ಕಡಿಮೆ ಜನ ಹೇಳುತ್ತಾರೆ. ಅಮೆರಿಕದ ಪೇಟೆಯಲ್ಲಿ ಒಂದು ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿದ್ದ ಕಂಪನಿಗಳನ್ನೆಲ್ಲ ತಲಾ ನೂರು ಡಾಲರ್ ಲೆಕ್ಕದಲ್ಲಿ ಕೊಂಡ. ಒಟ್ಟು 104 ಕಂಪನಿ. ಅವುಗಳಲ್ಲಿ 34 ಆಗಲೇ ದಿವಾಳಿ ಕೋರ್ಟಿನಲ್ಲಿದ್ದವು! ದಿವಾಳಿಯಾದವನ್ನು ಬಿಟ್ಟು ಉಳಿದದ್ದನ್ನು ಕೊಡಿ ಅಂತ ಅವನು ಹೇಳಲಿಲ್ಲ. ಕೊನೆಗೆ ನಾಲ್ಕು ಮಾತ್ರ ಪೂರ್ತಿ ಮುಳುಗಿದವು, ಸುಮಾರು ನಾಲ್ಕು ವರ್ಷದಲ್ಲಿ ದುಡ್ಡು ನಾಲ್ಕು ಪಟ್ಟಾಯಿತು. ಇಟಿಎಫ್ ಅನ್ನುವುದು ಹುಟ್ಟಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಆದರೂ ಅವನು ಮಾಡಿದ್ದು ಅದನ್ನೇ, ಬೇಡವಾದದ್ದರ ಬುಟ್ಟಿ. ಆ ಕಥೆ ಮೊದಲೇ ಸರಿಯಾಗಿ ಗೊತ್ತಿದ್ದರೆ ನನ್ನ 1,400 ಷೇರಿನ ಸಾಲು ಇರುತ್ತಿರಲಿಲ್ಲವೇನೋ. ಅಥವಾ ಇರುತ್ತಿತ್ತು, ಹೇಳೋಕಾಗಲ್ಲ.

ಇಷ್ಟು ಹೊಗಳಿದ ಮೇಲೆ ಬುಟ್ಟಿಯ ತೂತುಗಳನ್ನೂ ಹೇಳಬೇಕು.

ಸೂಚ್ಯಂಕಕ್ಕೆ ತನ್ನದೇ ಬುದ್ಧಿ ಅಂತ ಇಲ್ಲ. ಅದರಲ್ಲೂ ನಿಫ್ಟಿಯಂಥದ್ದು ಗೆದ್ದವರನ್ನು ಗೆದ್ದ ಮೇಲೆ ಕರೆಯುತ್ತದೆ, ಸೋತವರನ್ನು ಸೋತ ಮೇಲೆ ಕಳಿಸುತ್ತದೆ. 2015ರ ಮಾರ್ಚ್‌ನಲ್ಲಿ ಡಿಎಲ್‌ಎಫ್, ಜಿಂದಾಲ್ ಸ್ಟೀಲ್ ಎರಡನ್ನೂ ಹೊರಗೆ ಹಾಕಿ ಯೆಸ್ ಬ್ಯಾಂಕ್, ಐಡಿಯಾ ಸೆಲ್ಯುಲಾರ್ ಎರಡನ್ನೂ ಒಳಗೆ ಕರೆದರು. ಒಳಗೆ ಬಂದ ಎರಡೂ ಆಮೇಲೆ ನೆಲ ಕಚ್ಚಿದ್ದನ್ನು ನಾನು ಹೇಳಬೇಕಾ? ಹೊರಗೆ ಹೋದ ಎರಡೂ ಮೊದಲು ಇನ್ನಷ್ಟು ಬಿದ್ದು ಏಳಾಡಿ, 2024ರ ಹೊತ್ತಿಗೆ ಆ ದಿನದ ಬೆಲೆಯ ಐದು ಪಟ್ಟು ದಾಟಿದ್ದವು. 2017ರಲ್ಲಿ ಬಿಎಚ್‌ಇಎಲ್ ಹೋಯಿತು, ಇಂಡಿಯಾಬುಲ್ಸ್ ಹೌಸಿಂಗ್ ಬಂತು. ಎರಡೂವರೆ ವರ್ಷದಲ್ಲಿ ಅದೂ ಹೊರಗೆ. ಹೀಗೇ ಆಗುತ್ತದೆ ಅಂತ ನಿಯಮ ಮಾಡಿಬಿಡಬೇಡಿ. ಅದೇ 2017ರಲ್ಲಿ ಒಳಗೆ ಬಂದ ಬಜಾಜ್ ಫೈನಾನ್ಸ್ ಆಮೇಲೂ ಚೆನ್ನಾಗಿಯೇ ಬೆಳೆಯಿತು. ನಿಫ್ಟಿ ಕೊಂಡವನು ಪ್ರವಾಹದ ಜೊತೆಗೆ ಹೋಗುತ್ತಿದ್ದಾನೆ, ಎದುರಿಗಲ್ಲ, ಅಷ್ಟು ನೆನಪಿದ್ದರೆ ಸಾಕು.

ನಮ್ಮ ಬೆಂಗಳೂರಿನದೇ ಕಥೆ ಇನ್ನೊಂದಿದೆ. ಜಾಲಹಳ್ಳಿಯ ಬಿಇಎಲ್ 2024ರ ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿಗೆ ಸೇರಿತು. ಆಗ ಬೆಲೆ 280 ರೂಪಾಯಿ ಆಸುಪಾಸು. 2022ರ ಬೋನಸ್, ಅಂದರೆ ಇದ್ದ ಷೇರಿಗೆ ಪುಕ್ಕಟೆಯಾಗಿ ಕೊಟ್ಟ ಷೇರಿನ ಲೆಕ್ಕ ಕಳೆದು ನೋಡಿದರೆ 2020ರಲ್ಲಿ ಅದೇ ಷೇರು 20 ರೂಪಾಯಿ ಹತ್ತಿರ ಇತ್ತು. ನಮ್ಮ ಬೀದಿಯಲ್ಲಿ ಬಿಇಎಲ್‌ನಿಂದ ನಿವೃತ್ತರಾದ ಒಬ್ಬರಿದ್ದಾರೆ. ಬಹಳ ವರ್ಷದ ಹಿಂದೆ ಕೊಂಡ ಷೇರು ಹಾಗೇ ಇತ್ತು. ನಿಮ್ಮ ಲೆಕ್ಕಾಚಾರ ಏನಿತ್ತು ಸರ್ ಅಂತ ಕೇಳಿದೆ. “ಡಿಮ್ಯಾಟ್ ಪಾಸ್‌ವರ್ಡ್ ಮರ್ತೋಗಿತ್ತು ಕಣ್ರಿ” ಅಂದರು. 2014ರಲ್ಲಿ ಸರ್ಕಾರ ತನ್ನ ಹತ್ತು ಕಂಪನಿಗಳನ್ನು ಕಟ್ಟಿ ಸಿಪಿಎಸ್‌ಇ ಇಟಿಎಫ್ ಅಂತ ಮಾರಿದಾಗ ಅದರಲ್ಲೂ ಬಿಇಎಲ್ ಇತ್ತು. ಆ ಬುಟ್ಟಿ 2014ರಲ್ಲಿ 17 ರೂಪಾಯಿ ಚಿಲ್ಲರೆಗೆ ಸಿಕ್ಕಿತ್ತು, ಆರು ವರ್ಷ ಬಿಟ್ಟು ಅದಕ್ಕಿಂತ ಕೆಳಗಿತ್ತು, 2024ರಲ್ಲಿ 100ರ ಹತ್ತಿರ ಹೋಯಿತು. ಬುಟ್ಟಿ ಚೆನ್ನಾಗಿ ಕೊಟ್ಟಿತು, ಆದರೆ ಪಾಸ್‌ವರ್ಡ್ ಮರೆತ ಯಜಮಾನರಿಗೆ ಕೊಟ್ಟಷ್ಟು ಕೊಡಲಿಲ್ಲ. ಮುಳುಗುವವರ ಭಾರವನ್ನು ಏರುವವರು ಹೊರುತ್ತಾರಲ್ಲ, ಬುಟ್ಟಿಯ ಬಾಡಿಗೆ ಅದು.

ಇನ್ನೊಂದು ತೂತು ಪೇಟೆಯಲ್ಲಿ ಕೊಳ್ಳುವಾಗಲೇ ಇರುತ್ತದೆ. ಯಾರಿಗೂ ಬೇಡವಾದ ವಲಯದ ಇಟಿಎಫ್ ಅಂದರೆ ಅದನ್ನು ಕೊಳ್ಳುವವರು ಮಾರುವವರೂ ಕಡಿಮೆ. ಒಂದು ಸಲ ಬೆಳಗ್ಗೆ ಒಂಬತ್ತೂಕಾಲಕ್ಕೆ, ಪೇಟೆ ತೆರೆದ ತಕ್ಷಣ, ಬೆಲೆ ನಮೂದಿಸದೆ ಆರ್ಡರ್ ಒತ್ತಿದೆ. ಒಳಗಿರುವ ಷೇರುಗಳ ಬೆಲೆ ಕೂಡಿದರೆ ಎಷ್ಟಾಗುತ್ತದೋ ಅದಕ್ಕಿಂತ ಮೂರು ಪರ್ಸೆಂಟ್ ಜಾಸ್ತಿಗೆ ಸಿಕ್ಕಿತು. ಕಾಫಿ ತಣ್ಣಗಾಗುವಷ್ಟರಲ್ಲಿ ಮೂರು ಪರ್ಸೆಂಟ್ ನಷ್ಟ. ಆಮೇಲಿಂದ ಹತ್ತು ಗಂಟೆಗೆ ಮೊದಲು ಮುಟ್ಟುವುದಿಲ್ಲ, ಫಂಡಿನವರ ವೆಬ್‌ಸೈಟಿನಲ್ಲಿ ಆ ಕ್ಷಣದ ಒಳಬೆಲೆ ನೋಡಿ ಅದಕ್ಕೇ ಲಿಮಿಟ್ ಆರ್ಡರ್ (ಇದಕ್ಕಿಂತ ಜಾಸ್ತಿಗೆ ಬೇಡ ಅನ್ನುವ ಆರ್ಡರ್) ಹಾಕುತ್ತೇನೆ. ವಿದೇಶಿ ಇಟಿಎಫ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ಅವು ಹೊಸ ಹಣ ತೆಗೆದುಕೊಳ್ಳುವುದಕ್ಕೆ ತಡೆ ಬಿದ್ದ ಮೇಲೆ, ಅಮೆರಿಕದ ಷೇರುಗಳ ಬುಟ್ಟಿಯನ್ನು ನಮ್ಮ ಪೇಟೆಯಲ್ಲಿ ಜನ ಒಳಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟು ಕೊಂಡರು. ಹಣ್ಣಿಗಿಂತ ಬುಟ್ಟಿಗೇ ಬೆಲೆ.

ಚಿಕ್ಕಪ್ಪನಿಗೆ ಈಗ ಎಪ್ಪತ್ತೈದು. ಸರ್ಕಾರಿ ಬ್ಯಾಂಕುಗಳ ಮಾನ ವಾಪಸು ಬಂದದ್ದು ಅವರಿಗೆ ಷೇರಿನ ಲೆಕ್ಕದಲ್ಲಿ ಅಲ್ಲ, ಮೀನಿನಂಗಡಿ ಲೆಕ್ಕದಲ್ಲಿ ಖುಷಿ. ಮೊನ್ನೆ ಸಂಜೆ ಫೋನ್ ಮಾಡಿದಾಗ ನಾನು ಬೆಳ್ಳಂದೂರಿನ ಹತ್ತಿರ ಕ್ಯಾಬಿನಲ್ಲಿ ಸಿಕ್ಕಿಬಿದ್ದಿದ್ದೆ. ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು.

“ಬ್ಯಾಂಕಿಗೆಲ್ಲ ಬೆಲೆ ಬಂತಲ್ಲ. ಈಗ ಯಾರಿಗೂ ಬೇಡವಾದದ್ದು ಎಂತದು?”

“ನಾವೇ ಚಿಕ್ಕಪ್ಪ” ಅಂದೆ.

ನಿಜ ಹೇಳಿದ್ದೆ. 2025ರಲ್ಲಿ ಐಟಿ ಸೂಚ್ಯಂಕ ಇಳಿಯಿತು. ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂತ ಹೇಳಿತು. ಎಐ ಬಂದು ನಮ್ಮನ್ನೆಲ್ಲ ನುಂಗುತ್ತದೆ ಅಂತ ಈಗ ಕ್ಯಾಂಟೀನಿನಲ್ಲೂ ಮಾತು. 2018ರ ಉಡುಪಿಯ ಜಗಲಿಯಲ್ಲಿ ಏನೇನು ಕಂಡಿದ್ದೆನೋ ಅದೆಲ್ಲ ಇಲ್ಲೂ ಇದೆ. ಐಟಿ ಇಟಿಎಫ್‌ ಒಂದನ್ನು ಫೋನಿನ ವಾಚ್‌ಲಿಸ್ಟ್‌ಗೆ ಸೇರಿಸಿ ತಿಂಗಳುಗಳಾದವು. ಒಂದು ಯೂನಿಟ್ಟೂ ಕೊಂಡಿಲ್ಲ. ಬೇರೆಯವರ ಕಸುಬು ಬಿದ್ದಾಗ ಅದು ಅಗ್ಗ ಅಂತ ಅನಿಸುತ್ತದೆ. ನಮ್ಮದೇ ಬಿದ್ದಾಗ ಜನ ಹೇಳುವುದು ಸರಿಯಿರಬಹುದಲ್ಲ ಅಂತ ಅನಿಸುತ್ತದೆ. ಈ ಎರಡರಲ್ಲಿ ಯಾವುದು ಬುದ್ಧಿ, ಯಾವುದು ಭಯ ಅಂತ ನನಗಿನ್ನೂ ಬಿಡಿಸಿ ಹೇಳಲು ಬರುತ್ತಿಲ್ಲ.

ಇದನ್ನೇ ಚಿಕ್ಕಪ್ಪನಿಗೆ ಸ್ವಲ್ಪ ಉದ್ದಕ್ಕೆ ಹೇಳಿದೆ. ಸಂಬಳ ಅಲ್ಲಿಂದಲೇ, ಫ್ಲಾಟಿನ ಇಎಂಐ ಅದರಿಂದಲೇ, ಆ ಫ್ಲಾಟಿಗೆ ಬೆಲೆ ಇರುವುದೂ ಅದೇ ರಸ್ತೆಯ ಐಟಿ ಆಫೀಸುಗಳಿಂದ.

“ಹಾಗಾದ್ರೆ ನೀನು ಆಗ್ಲೇ ಬೇಕಾದಷ್ಟು ತಗೊಂಡಿದ್ದಿಯಲ್ಲ ಮಾರಾಯ” ಅಂದರು. ಮುಂದಿನ ಕಾರು ಒಂದಡಿ ಸರಿಯಿತು, ನಮ್ಮದೂ ಸರಿಯಿತು. ಹಲಸಿನ ಹಪ್ಪಳ ರಾತ್ರಿ ಬಸ್ಸಿಗೆ ಕೊಟ್ಟಿದ್ದೇನೆ, ಬೆಳಗ್ಗೆ ಬೇಗ ಹೋಗಿ ತಗೊ, ಹೋದ ಸಲದ ಹಾಗೆ ಪುಡಿ ಮಾಡ್ಕೊಂಡು ಬರಬೇಡ ಅಂತ ಹೇಳಿ ಫೋನ್ ಇಟ್ಟರು.